ಕರೆವ್ವನ ಸರಕಾರಿ ನೌಕರಿ

ನನಗೆ 'ಇಲ್ಲ' ಎನ್ನಲು ಬರುವುದಿಲ್ಲ. ಇದು ಒಳ್ಳೆಯ ಗುಣ ಎಂದು ನಾನು, ಕೆಟ್ಟ ಚಾಳಿ ಎಂದು ನನ್ನ ಮಕ್ಕಳು ಬಹಳ ವರ್ಷಗಳಿಂದ ವಾದ ಮಾಡುತ್ತ ಬಂದಿದ್ದೇವೆ. ಮೊನ್ನೆ ಮನೆ ಅಳೆಯುವುದಕ್ಕೆಂದು ಟೇಪು ಹಿಡಿದುಕೊಂಡು ಸರಕಾರಿ ಕಚೇರಿಯವನೊಬ್ಬ ಬಂದ. ಚಪ್ಪಲಿ ಕಳೆಯದೆ ಪಡಸಾಲೆಗೆ ಕಾಲಿಟ್ಟು, "ಏ ಅಜ್ಜಿ, ಆ ಸಂದೂಕ ಸರಿಸು" ಎಂದ. ನಾನು ಸಿಟ್ಟಾಗಲಿಲ್ಲ. ಕುರ್ಚಿ ಹಾಕಿದೆ, ನೀರು ಕೊಟ್ಟೆ, ಚೂಡಾ ಕೊಟ್ಟೆ, ಚಹಾ ಇಟ್ಟೆ. ಆಮೇಲೆ ಒಂದೊಂದು ಗೋಡೆಯ ಮುಂದೆ ಅವನನ್ನು ನಿಲ್ಲಿಸಿ ಅದರ ಹುಟ್ಟು, ಬೆಳವಣಿಗೆ, ಅದು ಎರಡು ಸಲ ಬಿದ್ದದ್ದು, ಬಿದ್ದಾಗ ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದನ್ನೆಲ್ಲ ಹೇಳಿದೆ. ಎರಡನೆಯ ಗೋಡೆ ಮುಗಿಯುವುದರೊಳಗೆ ಅವನಿಗೆ ಬೇರೆ ಕೆಲಸ ನೆನಪಾಯಿತು. "ಅವ್ವಾ, ಅವನ ಜೀವಾ ತಿಂದಿ" ಎಂದ ನನ್ನ ಮಗ. ನಾನು ಮರ್ಯಾದೆ ಮಾಡಿದೆ, ಅಷ್ಟೇ. ಮರ್ಯಾದೆ ತಡೆದುಕೊಳ್ಳುವ ಶಕ್ತಿ ಅವನಿಗಿಲ್ಲದಿದ್ದರೆ ನಾನೇನು ಮಾಡಲಿ?

ಈ ವಿದ್ಯೆ ಸ್ವಲ್ಪ ತವರಿನಿಂದ ಬಂದದ್ದು. ವಿಜಾಪುರದ ಜೋರಾಪುರ ಪೇಟೆಯಲ್ಲಿ ಅಪ್ಪನದು ಕಂಬಳಿಯ ಅಂಗಡಿ. ಯಾವುದೋ ಕಚೇರಿಯ ಕಾರಕೂನನೊಬ್ಬ ಒಂದು ಬೇಸಿಗೆಯಲ್ಲಿ ಬಂದು ಗಾದಿಯ ಮೇಲೆ ಕೂತು, "ಛಲೋ ಕಂಬಳಿ ಇದ್ರ ತೋರಸ್ರಿ" ಎಂದ. ತೋರಿಸುವುದೆಂದರೆ ಪುಕ್ಕಟೆ ಕೊಡುವುದು ಎಂದು ಪೇಟೆಗೆಲ್ಲ ಗೊತ್ತಿತ್ತು. ಅಪ್ಪ ಕೈಮುಗಿದು, "ಹೊದ್ದ ನೋಡದ ಕಂಬಳಿ ಗುಣಾ ಹೆಂಗ ತಿಳೀತೈತ್ರಿ ಸಾಹೇಬ್ರ?" ಎಂದು ಒಂದನ್ನು ತೆಗೆದು ಆತನ ಹೆಗಲಿಗೆ ಹೊದಿಸಿದ. ಅದು ಸ್ವಲ್ಪ ಚುಚ್ಚುತ್ತದೆ ಎಂದು ಇನ್ನೊಂದು ಹೊದಿಸಿದ. ಎರಡರಲ್ಲಿ ಯಾವುದು ಮೇಲು ಎಂದು ತಿಳಿಯಲು ಮೂರನೆಯದು ಬೇಕಾಯಿತು. ಹೊರಗೆ ಕೆಂಡದಂಥ ಬಿಸಿಲು. ಒಳಗಿನಿಂದ ಅವ್ವ ಬಿಸಿಬಿಸಿ ಚಹಾ ಕಳಿಸಿದಳು. ಕಾರಕೂನ ಬೆವರು ಒರೆಸಿಕೊಳ್ಳಲು ಕೈ ಹೊರಗೆ ತೆಗೆದಾಗಲೆಲ್ಲ ಅಪ್ಪ ಅಕ್ಕರೆಯಿಂದ ಅದನ್ನು ಒಳಗೆ ಸೇರಿಸುತ್ತಿದ್ದ. ಚಳಿಗಾಲದಲ್ಲಿ ಬರುತ್ತೇನೆ ಎಂದು ಹೇಳಿ ಆತ ಎದ್ದು ಹೋದ. ಕಂಬಳಿಯ ನಿಜವಾದ ಗುಣ ತಣ್ಣೀರಿನಲ್ಲಿ ನೆನೆಸಿ ಹೊದ್ದಾಗಲೇ ತಿಳಿಯುವುದು ಎಂದು ಹೇಳಲು ಅಪ್ಪ ಚಳಿಗಾಲಕ್ಕೆ ತಯಾರಾಗಿದ್ದ, ಆದರೆ ಆತ ಬರಲೇ ಇಲ್ಲ.

ಇದು ಸಣ್ಣ ಪಾಠ. ದೊಡ್ಡ ಪಾಠ ಕಲಿಸಿದವಳು ನನ್ನ ಅತ್ತೆ ನೀಲವ್ವ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನನ್ನನ್ನು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಕೊಟ್ಟರು. ಪೇಟೆಯ ಹುಡುಗಿ ಎಂಬ ಸೊಕ್ಕು ನನಗೆ ಬೇಕಾದಷ್ಟಿತ್ತು. ನಮ್ಮೂರಿನ ಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಅದು ಏಳು ಸಲ ತಿರುಗಿ ಮಾತಾಡುತ್ತದೆ ಎಂದು ಬಂದ ಹೊಸದರಲ್ಲಿ ಅತ್ತೆಯ ಮುಂದೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಮ್ಮ ಮನ್ಯಾಗ ಯಾರೂ ಹಂಗ ತಿರುಗಿ ಮಾತಾಡೂದಿಲ್ಲವಾ, ಛಲೋ ಮನಿ ಇದು" ಎಂದಳು. ಅಂದಿನಿಂದ ಗುಮ್ಮಟದ ಸುದ್ದಿ ತೆಗೆಯಲಿಲ್ಲ.

ನಮ್ಮವರು ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು, ಆಮೇಲೆ ನನ್ನ ಕೂಸು. ಇವರೆಲ್ಲರಿಗಿಂತ ಹೆಚ್ಚಿನ ಮಾನ ಇದ್ದದ್ದು ಎಮ್ಮೆ ಕರೆವ್ವನಿಗೆ. ಕೋಡು ಕಂಡರೆ ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಚರಿಗೆ ಹಿಡಿದು ಕೆಚ್ಚಲಿಗೆ ಕೈ ಹಾಕಿದ್ದೆ. ಕರೆವ್ವ ತಿರುಗಿ ನನ್ನನ್ನು ನೋಡಿ, ಒದೆಯುವ ಯೋಗ್ಯತೆಯೂ ಇವಳಿಗಿಲ್ಲ ಎಂದುಕೊಂಡು ಸುಮ್ಮನೆ ಒಂದು ಹೆಜ್ಜೆ ಸರಿದಳು. ನಾನು ಸಗಣಿಯಲ್ಲಿ ಕೂತೆ. ಅದರ ಕರು ಸತ್ತುಹೋಗಿತ್ತು. ಅಂದಿನಿಂದ ಅದು ಹಾಲು ಇಳಿಸುತ್ತಿದ್ದದ್ದು ಅತ್ತೆಯ ಕೈಗೆ ಮಾತ್ರ. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆತ್ತಗಿನ ದನಿಯಲ್ಲಿ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಕರೆವ್ವ ಕಿವಿ ಅಲ್ಲಾಡಿಸುತ್ತ ಕೇಳಿ ಹಾಲು ಬಿಡುತ್ತಿದ್ದಳು.

ಆ ಬೇಸಿಗೆಯಲ್ಲಿ ನನಗೆ ಚಳಿಜ್ವರ ಬಂದು ಎದೆಹಾಲು ಬತ್ತಿತು. ಕೂಸು ಇನ್ನೂ ಅಂಗಾತ ಮಲಗುವ ಕೂಸು. ಓಣಿಯ ಉಳಿದ ದನಗಳೆಲ್ಲ ಹಾಲು ಕೊಡುವುದನ್ನು ನಿಲ್ಲಿಸಿದ್ದವು. ಕರೆವ್ವನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಬಟ್ಟೆಯ ಬತ್ತಿಯಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟರೆ ಮಾತ್ರ ಕೂಸಿನ ಹೊಟ್ಟೆ ಒಪ್ಪುತ್ತಿತ್ತು.

ಇಂಥ ಹೊತ್ತಿನಲ್ಲಿ ಟಿಕೋಟಾದಲ್ಲಿ ಮನೆ ಮಾಡಿಕೊಂಡಿದ್ದ ಸರ್ಕಲ್ ಸಾಹೇಬ ಲೇವಿ ಜೋಳದ, ಎಂದರೆ ರೈತರಿಂದ ಸರಕಾರ ಕಡ್ಡಾಯವಾಗಿ ಕೊಳ್ಳುವ ಜೋಳದ, ಕೆಲಸಕ್ಕೆ ಬಬಲೇಶ್ವರಕ್ಕೆ ಬಂದು ಒಂದು ವಾರ ಮುಕ್ಕಾಂ ಹೂಡಿದ. ಕಂದಾಯ ಖಾತೆಯವನು, ದೊಡ್ಡ ಅಧಿಕಾರಿ ಏನಲ್ಲ. ಆದರೆ ದನಿ ಕಲೆಕ್ಟರನದು. ಎಲ್ಲಿ ಹೋದರೂ ಮೊದಲು ಒದರುವುದು, ಆಮೇಲೆ ವಿಷಯ ಏನೆಂದು ಕೇಳುವುದು. ಆತನಿಗೆ ಬಾಸುಂದಿಯ ಹುಚ್ಚು. ಜೈನಾಪುರಕ್ಕೆ ಬಂದವನು ನಮ್ಮ ಮನೆಯಲ್ಲಿ ಗಟ್ಟಿಹಾಲಿನ ಚಹಾ ಕುಡಿದು, ಬಟ್ಟಲನ್ನು ಎರಡು ಸಲ ನೋಡಿ, "ಎಮ್ಮಿ ಎಲ್ಲೈತಿ?" ಎಂದ. ಕರೆವ್ವನನ್ನು ಸುತ್ತುಹಾಕಿ ನೋಡಿ ಬಂದು ಮಾವನಿಗೆ ಹೇಳಿದ: "ಇದನ್ನ ನಮ್ಮ ಮನಿಗೆ ಕಳಸ್ರಿ. ಹಾಲ ಬತ್ತಿದ ಮ್ಯಾಲೆ ತಿರುಗಿ ಒಯ್ರೀ."

ಮಾವ ಬಹಳ ಸಾಧು ಮನುಷ್ಯ. "ಸಾಹೇಬ್ರ, ಸಣ್ಣ ಕೂಸೈತ್ರಿ ಮನ್ಯಾಗ..." ಎಂದ ಅಷ್ಟೇ.

"ನಿಮ್ಮ ಹಗೇವು ಇನ್ನೊಮ್ಮೆ ತೆಗಿಸಿ ನೋಡಬೇಕಾಗ್ತದ, ಹಂಗಾದ್ರ" ಎಂದು ಸಾಹೇಬ ಒದರಿದ.

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿ ಮಣ್ಣು ಮುಚ್ಚಿಡುವ ಕಣಜ. ನಮ್ಮ ಲೇವಿ ಕೊಟ್ಟಾಗಿತ್ತು, ಒಂದು ಕಾಳಿನ ಮೋಸ ಇರಲಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹಗೇವಿನ ಬಾಯಿ ತೆಗೆದರೆ ಒಳಗಿನ ಜೋಳ ಕೆಡುತ್ತದೆ. ವರ್ಷದ ಅನ್ನ ಅದು. ಮಾವ ಬೆಳ್ಳಗಾದ. ನಾನು ಒಳಗೆ ಕೂಸನ್ನು ಅವುಚಿಕೊಂಡು ಅಳುವುದಕ್ಕೆ ಶುರುಮಾಡಿದೆ.

ಆಗ ಅತ್ತೆ ಸೆರಗು ಹೊದ್ದು ಹೊರಗೆ ಬಂದು ನಗುಮುಖದಿಂದ, "ನಿಮ್ಮ ಮನಿಗೆ ಹೋಗೂದಂದ್ರ ಅದರ ಪುಣ್ಯಾರಿ ಸಾಹೇಬ್ರ. ಒಯ್ರಿ" ಎಂದಳು.

ನನಗೆ ಆ ಕ್ಷಣ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಒಳಗೆ ಬಂದವಳೇ, "ಅಳಬ್ಯಾಡ. ಇಲ್ಲ ಅಂದ್ರ ಜಗಳಾಗ್ತೈತಿ, ಜಗಳಾಡಿದ್ರ ಅಂವಾ ಗೆಲ್ತಾನ. ಹೂಂ ಅಂದ್ರ ಏನ್ ಮಾಡ್ತಾನ ನೋಡೂಣು" ಎಂದಳು.

ಮರುದಿನ ಸೋಮವಾರ, ಎಮ್ಮೆ ಒಯ್ಯಲು ಸಾಹೇಬನ ಪಟ್ಟೇವಾಲಾ, ಎಂದರೆ ಜವಾನ, ರಾಮಣ್ಣ ಬಂದ. ಅತ್ತೆ ಅವನಿಗೆ ಊಟಕ್ಕೆ ಹಾಕಿ, ಸೋಮವಾರ ಮನೆಯಿಂದ ದನ ಹೊರಗೆ ಕಳಿಸುವ ಪದ್ಧತಿ ಇಲ್ಲವಲ್ಲ ಎಂದು ಬಹಳ ನೊಂದುಕೊಂಡಳು. ಮಂಗಳವಾರ ಲಕ್ಷ್ಮಿಯನ್ನು ಯಾರಾದರೂ ಕೊಡುತ್ತಾರೆಯೇ? ಬುಧವಾರ ಅಮಾವಾಸ್ಯೆ. ಗುರುವಾರ ಕೊಡಲು ಅತ್ತೆ ತಯಾರಿದ್ದಳಂತೆ, ಆದರೆ ಅಂದು ರಾಮಣ್ಣನೇ ನಡೆದು ನಡೆದು ದಣಿದು ಬರಲಿಲ್ಲ. ಶುಕ್ರವಾರ ಮತ್ತೆ ಲಕ್ಷ್ಮಿ. ಶನಿವಾರ ಅತ್ತೆ ದನಿ ತಗ್ಗಿಸಿ, "ಎಮ್ಮಿ ಅಣ್ಣ ಕ್ವಾಣ, ಯಮನ್ನ ಹೊತ್ಕೊಂಡ ತಿರಗಾಂವ. ಶನಿವಾರ ತಂಗಿ ನಿಮ್ಮ ಸಾಹೇಬ್ರ ಹೊಸ್ತಲಾ ದಾಟಿದ್ರ, ಹಿಂದ ಅಣ್ಣ ಬರ್ತಾನೇನೋ ಅಂತ ನನಗ ಅಂಜಿಕಿ" ಎಂದಳು. ಇದನ್ನು ರಾಮಣ್ಣ ಹೋಗಿ ಹೇಳಿದಾಗ ಸಾಹೇಬನೇ, ಶನಿವಾರ ಸುತರಾಂ ಬೇಡ ಎಂದನಂತೆ. ಹೀಗೆ ವಾರ ಪೂರ್ತಿ ಕೂಸಿಗೆ ಹಾಲು ಸಿಕ್ಕಿತು, ರಾಮಣ್ಣನಿಗೆ ಊಟ ಸಿಕ್ಕಿತು. ಸಾಹೇಬ ಮುಕ್ಕಾಂ ಮುಗಿಸಿ, ಎಮ್ಮೆ ತರದೆ ಬರಬೇಡ ಎಂದು ರಾಮಣ್ಣನಿಗೆ ಹೇಳಿ ಟಿಕೋಟಾಕ್ಕೆ ಹೋದ.

ರವಿವಾರ ಬಂತು. ಅದಕ್ಕೆ ಯಾವ ದೇವರೂ ಅಡ್ಡ ಬರಲಿಲ್ಲ. ಅತ್ತೆ ಕರೆವ್ವನಿಗೆ ಮೈತೊಳೆದು, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದಳು. ಓಣಿಯ ಹೆಂಗಸರೆಲ್ಲ ಬಂದು ಗಂಡನ ಮನೆಗೆ ಹೋಗುವ ಮಗಳ ಮುಂದೆ ಹಾಡುವ ಹಾಡು ಹೇಳಿ ಕಣ್ಣೊರೆಸಿಕೊಂಡರು. ಅಷ್ಟಾದ ಮೇಲೆ ಅತ್ತೆ ಕರೆವ್ವನ ಕೊರಳಿನ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಒಳಗೆ ಇಟ್ಟುಬಂದಳು.

"ಹಗ್ಗಾ?" ಎಂದ ರಾಮಣ್ಣ.

"ಅಯ್ಯ ನನ್ನಪ್ಪಾ! ದನಾ ಕೊಡಬಹುದು, ಹಗ್ಗಾ ಕೊಡತಾರೇನ? ಹಗ್ಗದ ಹಿಂದ ಹಕ್ಕಿಯ ಭಾಗ್ಯಾನೂ ಹೋಗ್ತೈತಿ."

ಹಕ್ಕಿ ಎಂದರೆ ದನ ಕಟ್ಟುವ ಮನೆ. ದನ ಕೊಟ್ಟವರು ಹಗ್ಗ ಉಳಿಸಿಕೊಳ್ಳುವುದು ನಮ್ಮ ಕಡೆಯ ನಿಜವಾದ ಪದ್ಧತಿ, ಅತ್ತೆ ಕಟ್ಟಿದ್ದಲ್ಲ. ರಾಮಣ್ಣ ಓಣಿಯಲ್ಲೆಲ್ಲ ಹಗ್ಗ ಕೇಳಿದ. ಆದರೆ ಮತ್ತೊಬ್ಬರ ದನ ಹೋಗುವಾಗ ತನ್ನ ಮನೆಯ ಹಗ್ಗ ಕೊಡುವ ಹುಚ್ಚು ಯಾರಿಗಿದೆ? ಎಲ್ಲರೂ ಅವನನ್ನು ಕೂಡಿಸಿ, ನೀರು ಕೊಟ್ಟು, ಹಗ್ಗ ಕೊಡಲಾಗದ್ದಕ್ಕೆ ಕೈಮುಗಿದರು. ಕೊನೆಗೆ ಪಾಪ, ಅವನು ಹೆಗಲಿನಿಂದ ಸೊಂಟಕ್ಕೆ ಇಳಿಬಿಟ್ಟಿದ್ದ ಕೆಂಪು ಪಟ್ಟಾವನ್ನೇ ತೆಗೆದು ಎಮ್ಮೆಯ ಕೊರಳಿಗೆ ಕಟ್ಟಿದ. ಸರಕಾರದ ಹಿತ್ತಾಳೆ ಬಿಲ್ಲೆ ಕರೆವ್ವನ ಎದೆಯ ಮೇಲೆ ಬಂದು ಕೂತಿತು. ಅವಳು ತಲೆ ಎತ್ತಿ ಹೊರಟಳು, ಪಟ್ಟಾ ಇಲ್ಲದ ರಾಮಣ್ಣ ಅವಳ ಹಿಂದೆ ಹೊರಟ.

ಮುಂದಿನದನ್ನು ನಾನು ಕಂಡಿಲ್ಲ. ಕಂಡವರು ಆಮೇಲೆ ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಕಂಡ ಹಾಗೆ ಆಗಿದೆ. ಬಬಲೇಶ್ವರದ ಚಹಾದ ಅಂಗಡಿಯ ಮುಂದೆ ಕೂತವರೆಲ್ಲ ಬಿಲ್ಲೆ ನೋಡಿದ ಕೂಡಲೇ ಎದ್ದು ನಿಂತರಂತೆ. ಒಬ್ಬ ಮುದುಕ ಬಾಗಿ ಸಲಾಮು ಹೊಡೆದು, "ಸಾಹೇಬ್ರ, ಯಾವಾಗ ನೌಕರಿ ಸೇರಿದ್ರಿ? ಟಿಕೋಟಾಕ್ಕ ಬದಲಿ ಆತೇನ್ರಿ?" ಎಂದು ಕರೆವ್ವನನ್ನು ಕೇಳಿದನಂತೆ. ಇನ್ನೊಬ್ಬ ರಾಮಣ್ಣನ ಕಡೆ ಬೆರಳು ಮಾಡಿ, "ಹಿಂದ ಬಂದಾಂವ ನಿಮ್ಮ ಆಳೇನ್ರಿ?" ಎಂದನಂತೆ. ಊರು ದಾಟಿದ ಮೇಲೆ ಹಳ್ಳದಲ್ಲಿ ಒಂದಿಷ್ಟು ಕೆಸರುನೀರು ಕಂಡು ಸರಕಾರಿ ನೌಕರಳು ಅದರಲ್ಲಿ ಮಲಗಿಬಿಟ್ಟಳು. ರಾಮಣ್ಣ ದಂಡೆಯ ಮೇಲೆ ಕೂತು ಅವಳ ರಜೆ ಮುಗಿಯುವುದನ್ನು ಕಾದ.

ಊರೆಲ್ಲ ನಗುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ನಗುವಿರಲಿಲ್ಲ. ಹಿತ್ತಲ ಮನೆಯವರು ಕೊಟ್ಟ ಆಡಿನ ಹಾಲನ್ನು ಕೂಸು ಕುಡಿದಷ್ಟೂ ಕಕ್ಕಿತು. ಗಂಜಿಯ ತಿಳಿ ಕೊಟ್ಟರೆ ಮುಖ ತಿರುಗಿಸಿತು. ಎರಡನೆಯ ದಿನ ಅದರ ಅಳುವಿನಲ್ಲಿ ಜೋರು ಉಳಿಯಲಿಲ್ಲ. ಅತ್ತೆ ಒಲೆಯ ಮುಂದೆ ಕೂತವಳು ರೊಟ್ಟಿ ಮುರಿದು ಹಾಗೇ ಇಟ್ಟು, "ನಾ ಭಾಳ ಶ್ಯಾಣ್ಯಾಕಿ ಅನ್ಕೊಂಡಿದ್ನಿ ಕಮಲಾ. ಕೂಸಿನ ಹೊಟ್ಟಿ ಮ್ಯಾಲೆ ಆಟಾ ಆಡಿದ್ನೇನ?" ಎಂದಳು. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನಾನು ಅವಳ ಕೈ ಹಿಡಿದುಕೊಂಡೆ. ಅಂದಿನವರೆಗೆ ನನಗೆ ಅವಳ ಬಗ್ಗೆ ಇದ್ದದ್ದು ಅಂಜಿಕೆ. ಅದು ಪ್ರೀತಿಯಾದದ್ದು ಆ ಒಲೆಯ ಮುಂದೆ.

ಆ ಸಂಜೆಯೇ ರಾಮಣ್ಣ ಒಂದು ಬಂಡಿ ಕಟ್ಟಿಕೊಂಡು ಬಂದ. ಒಂದು ಕಾಲು ಎಳೆಯುತ್ತಿದ್ದ. ಕರೆವ್ವ ಟಿಕೋಟಾದಲ್ಲಿ ಒಂದು ಹನಿ ಹಾಲು ಇಳಿಸಿರಲಿಲ್ಲ. ಸಾಹೇಬನ ಆಳು ಹಿಂಡಿ ನೋಡಿದ, ಹೆಂಡತಿ ನೋಡಿದಳು, ಕೊನೆಗೆ ಸಾಹೇಬನ ಅಪ್ಪಣೆಯಂತೆ ರಾಮಣ್ಣ ಅತ್ತೆಯ ಹಾಗೆ ಸೀರೆ ಉಟ್ಟು, ಬಳೆ ತೊಟ್ಟು, ಸೆರಗು ಹೊದ್ದು ಎಮ್ಮೆಯ ಪಕ್ಕ ಕೂತ. ಕಾಲು ಎಳೆಯುವುದು ಅದರ ಫಲ. "ಯವ್ವಾ, ನೀವ ಬಂದ ಹಿಂಡಬೇಕಂತ್ರಿ" ಎಂದು ಕೈಮುಗಿದ.

ಅತ್ತೆ ಕಣ್ಣೊರೆಸಿಕೊಂಡು ಎದ್ದಳು. "ಬರ್ತೇನಪ್ಪಾ, ಸಾಹೇಬ್ರ ಮಾತ ಮೀರತೇವೇನ? ಆದ್ರ ಜ್ವರದ ಸೊಸಿನ್ನ ಹೆಂಗ ಬಿಡಲಿ? ಸೊಸಿ ಬಂದ ಮ್ಯಾಲೆ ಕೂಸ ಬರ್ತೈತಿ. ನಮ್ಮ ಯಜಮಾನ್ರಿಗೆ ಅಡಗಿ ಮಾಡಿ ಹಾಕಾಕ ಯಾರದಾರ? ಇವರೂ ಬರ್ತಾರ" ಎಂದಳು. ಬೀಸುವ ಕಲ್ಲೊಂದನ್ನು ಬಿಟ್ಟು ಉಳಿದದ್ದೆಲ್ಲ ಬಂಡಿಗೆ ಏರಿತು.

ಟಿಕೋಟಾ ಮುಟ್ಟಿದಾಗ ಬೆಳಗಾಗಿತ್ತು. ಅತ್ತೆ ಕೈಕಾಲು ಕೂಡ ತೊಳೆಯದೆ ನೇರ ಹಿತ್ತಲಿಗೆ ಹೋಗಿ, "ಏನ ಕರೆವ್ವಾ, ಸೊರಗೀಯಲ್ಲ" ಎಂದಳು. ಅಷ್ಟೇ ಸಾಕಾಯಿತು. ಚರಿಗೆ ತುಂಬುವ ಸದ್ದು ಕೇಳುತ್ತ ನಾನು ಗೋಡೆಗೆ ಒರಗಿ ನಿಂತೆ. ಮೊದಲ ಬಟ್ಟಲು ಕೂಸಿಗೆ. ಅದು ಬತ್ತಿ ಕಚ್ಚಿಕೊಂಡು ಚೀಪಿ ಚೀಪಿ, ಹೊಟ್ಟೆ ತುಂಬಿ, ನನ್ನ ಮಡಿಲಲ್ಲೇ ನಿದ್ದೆ ಹೋಯಿತು. ದೇವರೆಂಬುವನು ಇದ್ದಾನೆ ಎಂದು ನನಗೆ ಅಂದು ಖಾತ್ರಿಯಾಯಿತು. ಎಮ್ಮೆಯ ರೂಪದಲ್ಲಿ ಇದ್ದಾನೆ ಎಂದೂ ಖಾತ್ರಿಯಾಯಿತು.

ಆಗಲೇ ಸಾಹೇಬ ಪಡಸಾಲೆಯಿಂದ, "ಹಾಲೆಲ್ಲಿ? ಇನ್ನೂ ಯಾಕ ಬಾಸುಂದಿಗೆ ಇಟ್ಟಿಲ್ಲ?" ಎಂದು ಹೆಂಡತಿಯ ಮೇಲೆ ಒದರಿದ. ಆಕೆ ಸಣ್ಣ ವಯಸ್ಸಿನ ಹೆಂಗಸು, ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬಿತ್ತು. ಅತ್ತೆ ಓಡಿಬಂದು ತುಟಿಯ ಮೇಲೆ ಬೆರಳಿಟ್ಟಳು.

"ಸಾಹೇಬ್ರ, ನಿಮ್ಮ ಕಾಲ ಬೀಳ್ತೇನಿ, ಮೆತ್ತಗ ಮಾತಾಡ್ರಿ. ಈ ಎಮ್ಮಿ ಭಾಳ ಅಂಜುಬುರಕಿ. ದನಿ ಏರಿತಂದ್ರ ಹಾಲ ಏರಿಸಿಕೊಂಡ ಬಿಡ್ತೈತಿ. ಆಮ್ಯಾಲೆ ನನ್ನ ಕೈಗೂ ಬರೂದಿಲ್ರಿ."

"ಎಷ್ಟೊತ್ತು?" ಎಂದ ಸಾಹೇಬ, ಅರ್ಧ ದನಿಯಲ್ಲಿ.

"ಇಡೀ ದಿನಾ ರಿ. ಅದಕ್ಕ ಎಲ್ಲಾ ಕೇಳಸ್ತೈತಿ."

ಬಾಸುಂದಿಯ ಆಸೆಗೆ ಸಾಹೇಬ ಅಂದಿನಿಂದ ತನ್ನ ಮನೆಯಲ್ಲೇ ಪಿಸುಗುಟ್ಟತೊಡಗಿದ. ಯಾರ ಮೇಲಾದರೂ ಸಿಟ್ಟು ಬಂದರೆ ಊರ ಹೊರಗಿನ ಹೊಲದವರೆಗೆ ಹೋಗಿ ಒದರಿ ಬರುತ್ತಿದ್ದ. ಆದರೆ ಬಾಸುಂದಿ ಆತನಿಗೆ ಸಿಗಲಿಲ್ಲ. ಕೂಸಿನ ಹಾಲು, ಬಾಣಂತಿ ಜ್ವರದಿಂದ ಎದ್ದವಳು ಎಂದು ನನ್ನ ಹಾಲು, ಮಾವನ ಚಹಾ ಇವೆಲ್ಲ ಆದಮೇಲೆ ಉಳಿಯುತ್ತಿದ್ದದ್ದು ಸಾಹೇಬನ ಒಂದು ಬಟ್ಟಲು ಚಹಾಕ್ಕೆ ಸರಿಹೋಗುತ್ತಿತ್ತು. ಕರೆವ್ವನಿಗೆ ಹತ್ತಿಕಾಳು, ಹಿಂಡಿ, ಹಸಿಮೇವು ಬೇಕೆಂದು ಅತ್ತೆ ದಿನಾ ಬೆಳಗ್ಗೆ ಸಾಹೇಬನ ಮುಂದೆ ವಿನಯದಿಂದ ನಿಲ್ಲುತ್ತಿದ್ದಳು.

ಅತ್ತೆಗಿಂತ ಹೆಚ್ಚು ಕಾಟ ಕೊಟ್ಟವನು ಮಾವ. ಅದೂ ಏನೂ ತಿಳಿಯದೆ. ಸಾಧು ಮನುಷ್ಯನಿಗೆ ಪಡಸಾಲೆಯಲ್ಲಿ ಕೂತು ಬಂದವರನ್ನು ಮಾತಾಡಿಸುವುದೆಂದರೆ ಜೀವ. ಸಾಹೇಬನ ಹತ್ತಿರ ಕೆಲಸವಿದ್ದವರು ಸಂಜೆ ಧೋತರದ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದರೆ ಮಾವ ಪ್ರೀತಿಯಿಂದ, "ಬರ್ರಿ, ಕೂಡ್ರಿ. ಏನ ತಂದೀರಿ? ತುಪ್ಪೇನ್ರಿ? ಯಾರಿಗೆ? ಯಾಕ?" ಎಂದು ಕೇಳುತ್ತಿದ್ದ. ಬಂದವರು ಬಾಗಿಲಿನಿಂದಲೇ ತಿರುಗುತ್ತಿದ್ದರು. ಸಾಹೇಬನ ಮನೆಗೆ ತುಪ್ಪ, ಬೆಲ್ಲ, ಕೋಳಿ ಬರುವುದೆಲ್ಲ ನಿಂತುಹೋಯಿತು.

ವಾರ ತುಂಬುವಷ್ಟರಲ್ಲಿ ಸಾಹೇಬ ಸೋತ. ಬೆಳಗ್ಗೆಯೇ ಬಾಡಿಗೆಯ ಬಂಡಿಯೊಂದನ್ನು ತಾನೇ ಬಾಗಿಲಿಗೆ ತರಿಸಿ, ಹೊಸ ಹಗ್ಗವನ್ನೂ ತರಿಸಿ, ಪಿಸುದನಿಯಲ್ಲಿ, "ನೀಲವ್ವಾರ, ನಿಮ್ಮ ಎಮ್ಮಿ ನೀವು ಒಯ್ರಿ. ನಿಮ್ಮ ಹಗೇವಿನ ಸುದ್ದಿ ನಾ ಇನ್ನ ತಗಿಯೂದಿಲ್ಲ" ಎಂದ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು ನನಗೆ. ನಾವು ಗೆದ್ದಿದ್ದೆವು. ಅತ್ತೆ ಗಂಟು ಕಟ್ಟಿದಳು, ನಾನು ಕೂಸಿನ ತಲೆಗೆ ಕುಂಚಿಗೆ ಕಟ್ಟಿದೆ. ಜೈನಾಪುರದಲ್ಲಿ ಓಣಿಯವರ ಮುಂದೆ ಏನೇನು ಹೇಳಬೇಕು, ಯಾವುದಕ್ಕೆ ಎಷ್ಟು ಉಪ್ಪು ಖಾರ ಹಚ್ಚಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಹೊರಡುವ ಮುಂದೆ ಸಾಹೇಬನ ಹೆಂಡತಿ ಕುಂಕುಮ ಹಚ್ಚಲು ನಮ್ಮನ್ನು ಅಡಿಗೆಮನೆಗೆ ಕರೆದಳು. ಅತ್ತೆಯ ಹಣೆಗೆ ಇಟ್ಟಳು, ನನಗೆ ಇಟ್ಟಳು, ಕೂಸಿನ ಕೆನ್ನೆ ಮುಟ್ಟಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಳು.

"ಇನ್ನ ನಾಕ ದಿನ ಇರ್ರಿ ಯವ್ವಾ" ಎಂದಳು. "ನೀವು ಬಂದ ಆ ಮುಂಜಾನಿ ಬಿಟ್ರ ಅವರು ನನ್ನ ಮ್ಯಾಲೆ ಒಂದ ಸಲಾನೂ ಒದರಿಲ್ರಿ."

ನಾನು ಜೋಡಿಸಿಕೊಂಡಿದ್ದ ಮಾತಿನ ಉಪ್ಪು ಖಾರವೆಲ್ಲ ಸಪ್ಪೆಯಾಯಿತು. ಆತನ ಒದರಾಟ ನಮಗೆ ಒಂದು ವಾರದ್ದು. ನಾವು ಹೂಂ ಎಂದು, ಆಟ ಕಟ್ಟಿ, ನಕ್ಕು, ಬಂಡಿ ಏರಿ ಹೋಗುವವರು. ಆಕೆ ಎಲ್ಲಿಗೆ ಹೋಗಬೇಕು?

ಅತ್ತೆ ಆಕೆಯ ಮುಖವನ್ನು ನೋಡಿದಳು. ಹೊರಗೆ ಹೋಗಿ ಬಂಡಿಯಲ್ಲಿಟ್ಟಿದ್ದ ಗಂಟನ್ನು ಎತ್ತಿಕೊಂಡು ಬಂದು, ಅಡಿಗೆಮನೆಯ ನಡುವೆ ಇಟ್ಟು ಬಿಚ್ಚಿದಳು. ಆಮೇಲೆ ಪಡಸಾಲೆಗೆ ಕೇಳುವಂತೆ ಹೇಳಿದಳು:

"ಸಾಹೇಬ್ರ, ಬಂಡಿ ಕಳಸಿ ಬಿಡ್ರಿ. ಕರೆವ್ವಗ ನಿಮ್ಮ ಮನಿ ಭಾಳ ಸೇರೈತಿ. ನಾವು ಇನ್ನೊಂದಿಷ್ಟು ದಿನ ಇರ್ತೇವಿ."

ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಸಾಹೇಬ ಎದ್ದು ನಿಂತಿರಬೇಕು. ಬಾಯಿ ತೆರೆದಿರಲೂಬೇಕು. ಎಷ್ಟೋ ಹೊತ್ತಿನ ಮೇಲೆ ಅತ್ತ ಕಡೆಯಿಂದ, ಕೂಸಿಗೂ ಎಚ್ಚರಾಗದಷ್ಟು ಮೆಲ್ಲಗೆ, "ಇರ್ಲಿ ಬಿಡ್ರಿ" ಎಂಬ ಮಾತು ಬಂತು.

ಸಾಹೇಬನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಬಾಗಿ ನೋಡಿದೆ. ಆಕೆ ನಗುತ್ತಿದ್ದಳು.